ಇಪ್ಪತ್ತು ಅಡಿ ದೂರ

ಸೀಸದ ಕಾಲದಲ್ಲಿ ನಮಗೆ ಬೆಲ್ಲ ಕೊಡುತ್ತಿದ್ದರು.
ಸಂಜೆ ಆರಕ್ಕೆ, ಮೊಳೆ ಜೋಡಿಸಿದ ಕೈ ತೊಳೆದ ಮೇಲೆ,
ಪ್ರೂಫಿನ ಚೂರಿನಲ್ಲಿ ತಲೆಗೊಂದು ಹೆಂಟೆ.
ವಿಷ ಇಳಿಯುತ್ತದೆ ಎಂದು ಮಾಲೀಕರ ನಂಬಿಕೆ.
ಅದು ಇಳಿಯಿತೋ ಬಿಟ್ಟಿತೋ, ಬೆಲ್ಲವಂತೂ ಇಳಿಯುತ್ತಿತ್ತು.

ಟ್ರೆಡಲ್ಲಿಗೆ ಬೇರೆಯೇ ಹಸಿವು.
ಹಾಲಪ್ಪನ ಬಲಗೈಯಲ್ಲಿ ಮೂರೂವರೆ ಬೆರಳು;
ಅವನು ಬೀಡಿ ಹಚ್ಚುವುದನ್ನು ನೋಡಿಯೇ
ಹೊಸ ಹುಡುಗರು ಎಚ್ಚರ ಕಲಿತರು.
ಗೋಡೆಗೆ ಬೋರ್ಡು ಬೇಕಿರಲಿಲ್ಲ.

ದಾವಣಗೆರೆ ಮಂಡಿಪೇಟೆಯ ಅದೇ ಓಣಿ, ಅದೇ ಪ್ರೆಸ್ಸು,
ಕೇಸುಗಳಿದ್ದ ಜಾಗದಲ್ಲಿ ಈಗ ಎರಡು ಕಂಪ್ಯೂಟರು.
ಇದು ಕಚ್ಚುವುದಿಲ್ಲ ಬಿಡಿ ಎಂದಿದ್ದರು ತಂದು ಕೂರಿಸಿದವರು.
ನಂಬಿದೆ. ಇಪ್ಪತ್ತೆರಡು ವರ್ಷ
ಲಗ್ನಪತ್ರಿಕೆ, ತೊಟ್ಟಿಲು, ಗೃಹಪ್ರವೇಶ, ಶಿವಗಣಾರಾಧನೆ,
ಊರಿಗೆ ಊರೇ ಈ ಬೆರಳುಗಳ ಕೆಳಗೆ ಹಾದುಹೋಯಿತು.
ರಕ್ತ ಬರಲಿಲ್ಲ. ಅದೇ ಮೋಸ.
ಬಂದಿದ್ದರೆ ಬಟ್ಟೆಯನ್ನಾದರೂ ಕಟ್ಟುತ್ತಿದ್ದೆ.

ಮದುವೆ ಸುಗ್ಗಿಯ ಒಂದು ರಾತ್ರಿ
‘ಆಮಂತ್ರಣ’ದ ಒತ್ತಕ್ಷರಕ್ಕೆ ಹೋದ ಬೆರಳು
ಕೀ ಮೇಲೆಯೇ ನಿಂತುಬಿಟ್ಟಿತು,
ಕೆಳಗೆ ಹೋಗದು, ಮೇಲೆ ಬಾರದು.
ಮನೆಗೆ ಬಂದರೆ ರೊಟ್ಟಿ ಮುರಿಯಲಾಗಲಿಲ್ಲ.
ನೀಲಗಂಗಮ್ಮ ಏನೂ ಕೇಳದೆ ತಾನೇ ಮುರಿದು
ಹಾಲಿನಲ್ಲಿ ನೆನೆಸಿ ಇಟ್ಟಳು, ಹಲ್ಲಿಲ್ಲದವರಿಗೆ ಇಡುವ ಹಾಗೆ.
ಹಲ್ಲು ಇದ್ದವು ನನಗೆ. ಮಣಿಕಟ್ಟು ಇರಲಿಲ್ಲ.

ಡಾಕ್ಟರು ಚಿಕ್ಕ ಹುಡುಗಿ. ಕತ್ತು ತಿರುವಿ ನೋಡಿದಳು,
ಕಣ್ಣಿಗೆ ಬೆಳಕು ಬಿಟ್ಟಳು, ಮಗ್ಗಿ ಹೇಳುವಂತೆ ಹೇಳಿದಳು:
ಇಪ್ಪತ್ತು ನಿಮಿಷಕ್ಕೊಮ್ಮೆ
ಇಪ್ಪತ್ತು ಅಡಿ ಆಚೆಯದೇನನ್ನಾದರೂ
ಇಪ್ಪತ್ತು ಸೆಕೆಂಡು ನೋಡಬೇಕು.

ನಮ್ಮ ಓಣಿಯಲ್ಲಿ ಇಪ್ಪತ್ತು ಅಡಿ ಎಲ್ಲಿಂದ ತರಲಿ?
ಹಿಂದೆ ಕಾಗದದ ರೀಮು, ಪಕ್ಕಕ್ಕೆ ಗೋಡೆ.
ಬೈಂಡಿಂಗ್ ದಾರ ಹಿಡಿದು ನಾನೂ ಮುಬೀನಾಳೂ ಅಳೆದೆವು:
ಕುರ್ಚಿಯಿಂದ ಬಾಗಿಲು, ಬಾಗಿಲಿಂದ ಚರಂಡಿ,
ಚರಂಡಿ ದಾಟಿ ಪಾತ್ರೆ ಅಂಗಡಿಯ ಬೋರ್ಡು.
ಹತ್ತೊಂಬತ್ತೂಕಾಲು.
‘ಕುರ್ಚಿ ಒಂಚೂರು ಹಿಂದ ಸರಸ್ರಿ ಕಾಕಾ, ಆತು.’

ಅವಳೇ ಹಳೆಯ ಟೆಲಿಫೋನ್ ಡೈರೆಕ್ಟರಿ ನಾಲ್ಕು ಹುಡುಕಿ ತಂದು
ಮಾನಿಟರಿನಡಿ ಇಟ್ಟಳು.
ಸತ್ತ ನಂಬರುಗಳ ಮೇಲೆ ನನ್ನ ಕತ್ತು ನೆಟ್ಟಗಾಯಿತು.
ಕಾಲಿಗೆ ತೊಡರುತ್ತಿದ್ದ ವೈರುಗಳಿಗೆ ಜಡೆ ಹೆಣೆದು
ಗೋಡೆಗೆ ಕಟ್ಟಿದಳು. ಸುಟ್ಟ ಪ್ಲಗ್ಗಿಗೆ ಟೇಪು ಸುತ್ತಲು ಬಂದ
ಮಾಲೀಕರ ಮಗನಿಗೆ, ‘ಸುತ್ತೋದು ಬ್ಯಾಡ, ಹೊಸಾದು ತರ್ರಿ.’
ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು ಅವಳು.
ನಲವತ್ತು ವರ್ಷದಲ್ಲಿ ನಾನು ಆ ಮಾತು ಆಡಿರಲಿಲ್ಲ.

ಈಗ ಹೊತ್ತಿಗೆ ಸರಿಯಾಗಿ ತಲೆಯೆತ್ತುತ್ತೇನೆ.
ಚರಂಡಿಯಾಚೆ ಹಳದಿ ಮೇಲೆ ಕೆಂಪು: ‘ಪಾತ್ರೆ ಬಂಢಾರ’.
ಮಹಾಪ್ರಾಣ ಒಂದು ಮನೆ ಮುಂದೆ ಹೋಗಿ ಕೂತಿದೆ.
ಇಪ್ಪತ್ತು ಸೆಕೆಂಡು, ಮನಸ್ಸಿನಲ್ಲೇ,
ಢಕಾರದ ಹೊಟ್ಟೆ ಸೀಳಿದ್ದನ್ನು ಹೊಲಿದು
ಬಕಾರಕ್ಕೆ ಉಸಿರು ಕೊಡುತ್ತೇನೆ.
ತನ್ನನ್ನೇ ನೋಡುತ್ತಿದ್ದೇನೆಂದು ಅಂಗಡಿಯವನು ಕೈಯೆತ್ತುತ್ತಾನೆ.
ನಾನೂ ಎತ್ತುತ್ತೇನೆ. ಮಣಿಕಟ್ಟಿಗೂ ಒಳ್ಳೆಯದು.

ನಿನ್ನೆ ಅವನು ಓಣಿ ದಾಟಿ ಬಂದ.
ಬೋರ್ಡು ಹಳತಾಯಿತು, ಅಷ್ಟು ಪ್ರೀತಿಯಿಂದ ನೋಡುತ್ತೀರಿ,
ಹೊಸ ಅಕ್ಷರ ನೀವೇ ಮಾಡಿಕೊಡಿ, ಅಂದ.
ಮಾಡಿಕೊಟ್ಟೆ, ತಪ್ಪಿಲ್ಲದೆ.

ಇವತ್ತು ತಲೆಯೆತ್ತಿದರೆ ಎಲ್ಲ ಸರಿಯಾಗಿದೆ.
ಮೂರು ಸೆಕೆಂಡಿಗೇ ಓದಿ ಮುಗಿಯಿತು.
‘ಅದರ ಮ್ಯಾಲೆ ನೋಡ್ರಿ ಕಾಕಾ,
ತಾರಸಿ ಮ್ಯಾಲೆ ಯಾರೋ ಪಾರಿವಾಳ ಸಾಕ್ಯಾರ.’
ಎಣಿಸತೊಡಗಿದೆ. ಒಂಬತ್ತರ ತನಕ ಬಂದಿದ್ದೆ,
ಒಂದು ಹಾರಿತು.
ಮತ್ತೆ ಮೊದಲಿನಿಂದ.